ಭಾನುಪ್ರಿಯಳ ಕಾಲು ತಣ್ಣಗಾದದ್ದು

ದೊಡ್ಡಹನುಮಯ್ಯನವರಿಗೆ ಇಂಗ್ಲೀಷ್ ಬರುತ್ತದೆ ಎಂಬ ಸುದ್ದಿಯನ್ನು ಹುಟ್ಟಿಸಿದವರು ಅವರಲ್ಲ. ಹುಟ್ಟಿದ ಮೇಲೆ ಅದನ್ನು ಸಾಕಿ ಬೆಳೆಸಿದವರು ಮಾತ್ರ ಅವರೇ.

ಚನ್ನಪಟ್ಟಣದ ಒಂದು ಖಾಸಗಿ ಕಾಲೇಜಿನ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಅಟೆಂಡರಾಗಿದ್ದು ನಿವೃತ್ತರಾದವರು ಅವರು. ಅಷ್ಟು ವರ್ಷವೂ ಪುಸ್ತಕಗಳ ಧೂಳು ಹೊಡೆದರು, ಬೆನ್ನಿಗೆ ನಂಬರು ಅಂಟಿಸಿದರು, ಮಧ್ಯಾಹ್ನ ಜನ ಇಲ್ಲದ ಹೊತ್ತಿನಲ್ಲಿ ಇಂಗ್ಲೀಷ್ ಪೇಪರನ್ನು ಹರಡಿಕೊಂಡು ಅಕ್ಷರ ಕೂಡಿಸಿ ಓದಿದರು. ಗೊತ್ತಿಲ್ಲದ ಪದ ಬಂದರೆ ಎದ್ದುಹೋಗಿ ಡಿಕ್ಷನರಿ ತೆಗೆದು ನೋಡುತ್ತಿದ್ದರು. ಹೀಗಾಗಿ ಪದಗಳು ಅವರಿಗೆ ಬರುತ್ತಿದ್ದವು. ನಾಲ್ಕು ಪದಗಳು ಒಟ್ಟಿಗೆ ಸೇರಿದರೆ ಬೇರೆಯೇ ಏನನ್ನೋ ಹೇಳಬಹುದು ಎಂಬ ಅನುಮಾನ ಮಾತ್ರ ಒಂದು ದಿನವೂ ಅವರ ಹತ್ತಿರ ಸುಳಿಯಲಿಲ್ಲ.

ನಿವೃತ್ತಿಯಾದ ಮೇಲೆ ಅವರ ಮನೆಯ ಜಗಲಿ ಒಂದು ಸಣ್ಣ ಕಚೇರಿಯಾಯಿತು. ಬ್ಯಾಂಕಿನ ನೋಟೀಸು, ವಿಮೆಯ ಕಾಗದ, ಮೊಬೈಲಿಗೆ ಬಂದ ಮೆಸೇಜು, ಎಲ್ಲವನ್ನೂ ಹಿಡಿದುಕೊಂಡು ಜನ ಬರುತ್ತಿದ್ದರು. ಫೋನೇ ಅನುವಾದ ಮಾಡಿಕೊಡುತ್ತದೆ ಎಂದು ಯಾರಾದರೂ ಹೇಳಿದರೆ ದೊಡ್ಡಹನುಮಯ್ಯ ಕನ್ನಡಕ ತೆಗೆದು ಒರೆಸುತ್ತ, "ಫೋನು ಕಾಲೇಜಲ್ಲಿ ಕೆಲ್ಸ ಮಾಡೈತಾ?" ಎಂದು ಕೇಳುತ್ತಿದ್ದರು. ಹೇಳಿದವರು ಕಾಗದವನ್ನು ಅವರ ಮುಂದಿಡುತ್ತಿದ್ದರು.

ಅವರ ವಿದ್ಯೆಯಿಂದ ಉಪಕಾರ ಪಡೆದವರಲ್ಲಿ ಮೊದಲಿಗ, ಎದುರು ಬೀದಿಯಲ್ಲಿ ಎರಡು ಲೇತ್ ಇಟ್ಟುಕೊಂಡು ಮರದ ಬೊಂಬೆ ಮಾಡುವ ಮುಜೀಬ್. ಎರಡು ವರ್ಷದ ಹಿಂದೆ ಮುಜೀಬನ ಬೊಂಬೆಗಳಿಗೆ ದೆಹಲಿಯ ಒಂದು ದೊಡ್ಡ ಪ್ರದರ್ಶನದಲ್ಲಿ ಜಾಗ ಸಿಕ್ಕಿತ್ತು. ಹೊರಡುವ ಹಿಂದಿನ ದಿನ, ಅವನಿಗೆ ಆ ಜಾಗ ಕೊಡಿಸಿದ್ದ ಬೆಂಗಳೂರಿನ ಮೇಡಂ ಒಬ್ಬರು ಒಂದು ಮೆಸೇಜು ಕಳಿಸಿದರು: 'ಬ್ರೇಕ್ ಎ ಲೆಗ್, ಮುಜೀಬ್!' ದೊಡ್ಡಹನುಮಯ್ಯ ಅದನ್ನು ಎರಡು ಸಲ ಓದಿ ಗಂಭೀರರಾದರು.

"ಲೆಗ್ ಅಂದ್ರೆ ಕಾಲು. ಬ್ರೇಕ್ ಅಂದ್ರೆ ಮುರಿ. ಯಾರಿಗೋ ಕಳಿಸಬೇಕಾಗಿದ್ದು ತಪ್ಪಿ ನಿಂಗೆ ಬಂದದೆ ಅನ್ನಂಗೂ ಇಲ್ಲ. ನಿನ್ ಹೆಸ್ರೂ ಹಾಕವಳೆ ನೋಡು."

"ಅರೆ, ನಾನೇನ್ ಮಾಡ್ದೆ ಹನುಮಯ್ಯಣ್ಣ ಆಯಮ್ಮಂಗೆ?"

"ಯಾಪಾರದಲ್ಲಿ ಹೊಟ್ಟೆಕಿಚ್ಚು ಇರ್ತದೆ ಕಣಯ್ಯ. ಹೋಗಬ್ಯಾಡ."

ಮುಜೀಬ್ ದೆಹಲಿಗೆ ಹೋಗಲಿಲ್ಲ. ಮೇಡಂ ನಂಬರನ್ನು ಬ್ಲಾಕ್ ಮಾಡಿದ. ತನ್ನ ಕಾಲು ಉಳಿಸಿದ ಮಹಾನುಭಾವರೆಂದು ಅಂದಿನಿಂದ ಪ್ರತಿ ಹಬ್ಬಕ್ಕೂ ದೊಡ್ಡಹನುಮಯ್ಯನವರ ಮನೆಗೆ ಶ್ಯಾವಿಗೆ ಕಳಿಸುತ್ತಿದ್ದ.

ಇಂಥವರ ಫೋನಿಗೆ ಜನವರಿಯ ಒಂದು ಭಾನುವಾರ ಬೆಳಿಗ್ಗೆ ತಂಗಿಯ ಮಗಳು ಭಾನುಪ್ರಿಯಳಿಂದ ಮೆಸೇಜು ಬಂತು.

ಭಾನುಪ್ರಿಯ ರಾಮನಗರದ ಒಂದು ಇಂಗ್ಲೀಷ್ ಮೀಡಿಯಂ ಸ್ಕೂಲಿನಲ್ಲಿ ಮೂರನೇ ಕ್ಲಾಸಿಗೆ ಟೀಚರು. ಅವಳ ಅಪ್ಪ ಬೈರಪ್ಪ, ಚನ್ನಪಟ್ಟಣದಿಂದ ಏಳು ಕಿಲೋಮೀಟರ್ ಆಚೆ ಸೀಬೇದೊಡ್ಡಿಯಲ್ಲಿ ರೇಷ್ಮೆ ಸಾಕುವವನು. ಅಮ್ಮ ಶಿವಲಿಂಗಮ್ಮ, ದೊಡ್ಡಹನುಮಯ್ಯನವರ ಒಬ್ಬಳೇ ತಂಗಿ. ಹದಿನೈದು ದಿನದ ಹಿಂದೆ ಭಾನುಪ್ರಿಯಳಿಗೆ ಕನಕಪುರದ ಕಡೆಯ ಅಶ್ವಥ್ ಎಂಬ ಹುಡುಗನ ಜೊತೆ ನಿಶ್ಚಿತಾರ್ಥ ನಡೆದಿತ್ತು. ಜಮೀನಿತ್ತು, ಎರಡು ಜೆಸಿಬಿ ಇದ್ದವು, ಮನೆಯ ಮುಂದೆ ಗ್ರಾನೈಟಿನ ಆನೆಗಳೇ ನಿಂತಿದ್ದವು. ಮದುವೆಗೆ ಇನ್ನು ಐದು ವಾರ ಇತ್ತು.

ಮೆಸೇಜು ಹೀಗಿತ್ತು: 'ಮಾವ, ಐ ಹ್ಯಾವ್ ಗಾಟ್ ಕೋಲ್ಡ್ ಫೀಟ್. ಪ್ಲೀಸ್ ಟೆಲ್ ಅಪ್ಪ. ಐ ಕೆನಾಟ್ ಟೆಲ್ ಹಿಮ್ ಮೈಸೆಲ್ಫ್.'

ದೊಡ್ಡಹನುಮಯ್ಯ ಮೂಗಿನ ಮೇಲೆ ಕನ್ನಡಕ ಏರಿಸಿ ಪದ ಪದವನ್ನೂ ಬಿಡಿಸಿದರು. ಕೋಲ್ಡ್ ಎಂದರೆ ತಣ್ಣಗೆ. ಒಂದಾದರೆ ಫೂಟ್, ಎರಡಾದರೆ ಫೀಟ್. ಅಂದರೆ ಕಾಯಿಲೆ ಎರಡೂ ಕಾಲಿಗೆ ಬಂದಿದೆ. ಅಪ್ಪನಿಗೆ ಹೇಳು, ನನ್ನ ಕೈಲಿ ಹೇಳಲು ಆಗುವುದಿಲ್ಲ ಎಂದಿದ್ದಾಳೆ. ಮದುವೆ ಗೊತ್ತಾದ ಹೆಣ್ಣು ತನ್ನ ಕಾಯಿಲೆಯನ್ನು ತಾನೇ ಹೇಗೆ ಹೇಳಿಯಾಳು? ಇಷ್ಟು ಜನ ಇರುವಾಗ ತಮ್ಮನ್ನೇ ನಂಬಿ ಬರೆದಳಲ್ಲ ಎಂದು ಅವರಿಗೆ ದುಃಖವೂ ಆಯಿತು, ಒಂದು ಬಗೆಯ ಹೆಮ್ಮೆಯೂ ಆಯಿತು. ಒಗೆದ ಅಂಗಿ ಹಾಕಿಕೊಂಡು ಸೀಬೇದೊಡ್ಡಿಯ ಬಸ್ಸು ಹತ್ತಿದರು.

ಬೈರಪ್ಪ ಹುಳುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ. ದೊಡ್ಡಹನುಮಯ್ಯ ಬಾಗಿಲಲ್ಲೇ ನಿಂತು ದನಿ ತಗ್ಗಿಸಿದರು.

"ಬೈರಪ್ಪ, ಗಾಬ್ರಿ ಆಗಬ್ಯಾಡ. ಕಾಯಿಲೆ ಬಂದ್ಬುಟ್ಟದೆ."

ಬೈರಪ್ಪನ ಕೈಯಿಂದ ಸೊಪ್ಪಿನ ಮಂಕರಿ ಕೆಳಗೆ ಬಿತ್ತು. "ಹುಳಕ್ಕಾ ಭಾವ?"

"ಹುಳಕ್ಕಲ್ಲ. ಮಗೀಗೆ."

"ಸದ್ಯ!" ಎಂದ ಬೈರಪ್ಪ. ಆಮೇಲೆ ತಾನು ಅಂದದ್ದು ತನಗೇ ಕೇಳಿಸಿ, "ಏನ್ ಕಾಯ್ಲೆ?" ಎಂದ.

"ಎರಡೂ ಕಾಲು ತಣ್ಣಗಾಗವೆ. ಇಂಗ್ಲೀಷಲ್ಲಿ ಬರೆದವಳೆ. ಅದೂ ಕನ್ನಡದಲ್ಲಿ ಹೇಳೋ ಅಂಥ ಕಾಯ್ಲೆ ಅಲ್ಲ ಅಂದ್ರೆ, ನೀನೇ ತಿಳ್ಕೊ."

ಬೈರಪ್ಪ ಮನೆಯೊಳಗೆ ಓಡಿದ. ಅಡಿಗೆಮನೆಯ ಮುಂದೆ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದ ಭಾನುಪ್ರಿಯ ಅಪ್ಪನನ್ನೂ ಹಿಂದೆ ಬಂದ ಮಾವನನ್ನೂ ಕಂಡು ಎದ್ದುನಿಂತಳು. ಮುಖ ಬಿಳಿಚಿಕೊಂಡಿತ್ತು. ಏನು ಬಿರುಗಾಳಿ ಏಳುವುದೋ ಎಂದು ಕಾದಳು.

"ಯಾಕವ್ವಾ, ಕಾಲು ತಣ್ಣಗಾಗವಂತೆ?" ಎಂದ ಬೈರಪ್ಪ.

ಅವಳಿಗೆ ಅರೆಗಳಿಗೆ ಏನೂ ತಿಳಿಯಲಿಲ್ಲ. ಮಾವನ ಮುಖ ನೋಡಿದಳು. ಮಾವ ಗಂಭೀರವಾಗಿ ತಲೆಯಾಡಿಸಿದರು. ಆಗ ಅವಳಿಗೆ ಹೊಳೆಯಿತು: ಎಂಥ ಬುದ್ಧಿವಂತರು ನಮ್ಮ ಮಾವ! ಮದುವೆ ಬೇಡವೆಂದು ನೇರವಾಗಿ ಹೇಳಿದರೆ ಅಪ್ಪ ಕೊಡಲಿ ತೆಗೆಯುತ್ತಾನೆಂದು ತಿಳಿದು, ತನ್ನ ಮಾತನ್ನೇ ಹಿಡಿದುಕೊಂಡು ಒಂದು ಕಾಯಿಲೆ ಹುಟ್ಟಿಸಿದ್ದಾರೆ. ಕಾಯಿಲೆಯ ಹೆಣ್ಣನ್ನು ಯಾರು ಒಯ್ಯುತ್ತಾರೆ? ಮದುವೆ ತಾನಾಗಿಯೇ ಮುಂದಕ್ಕೆ ಹೋಗುತ್ತದೆ, ಆಮೇಲೆ ನಿಂತೂ ಹೋಗುತ್ತದೆ.

"ಹೂಂ ಅಪ್ಪ," ಎಂದಳು. "ಭಾಳ ತಣ್ಣಗಾಗವೆ."

ಹೀಗೆ ಒಬ್ಬರು ಅರ್ಥವಾಗದೆ, ಇನ್ನೊಬ್ಬಳು ಅರ್ಥವಾಗಿದೆಯೆಂದುಕೊಂಡು, ಮಾವ ಸೊಸೆ ಇಬ್ಬರೂ ಒಂದೇ ಮಾತಿನಲ್ಲಿ ಗಟ್ಟಿಯಾಗಿ ನಿಂತರು.

ಶಿವಲಿಂಗಮ್ಮ ಮಗಳನ್ನು ಕೂರಿಸಿ, ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಮುಟ್ಟಿ ನೋಡಿದಳು. "ಬೆಚ್ಚಗೇ ಅವಲ್ಲ," ಎಂದಳು.

"ನಿಂಗೇನ್ ಗೊತ್ತಾದದು?" ಬೈರಪ್ಪ ರೇಗಿದ. "ಇಂಗ್ಲೀಷಲ್ಲಿ ಬರೆದವಳೆ!"

ಶಿವಲಿಂಗಮ್ಮ ಮಗಳ ಪಾದಗಳನ್ನು ಮಡಿಲಿನಿಂದ ಇಳಿಸಲಿಲ್ಲ.

ಸುದ್ದಿ ಮಧ್ಯಾಹ್ನದೊಳಗೆ ಊರು ತುಂಬಿತು. ಸೀಬೇದೊಡ್ಡಿಯಲ್ಲಿ ನೂರಾ ಹತ್ತು ಮನೆಗಳಿವೆ. ಮೂರು ದಿನದಲ್ಲಿ ಎಂಬತ್ತು ಮನೆಗಳವರು ಬಂದು ಭಾನುಪ್ರಿಯಳ ಕಾಲು ಮುಟ್ಟಿದರು. ಕೆಲವರಿಗೆ ಅದು ತಣ್ಣಗಿತ್ತು, ಕೆಲವರಿಗೆ ಬೆಚ್ಚಗಿತ್ತು, ಡೈರಿಯ ಸೆಕ್ರೆಟರಿಗೆ ಎಡಗಾಲು ಮಾತ್ರ ತಣ್ಣಗಿತ್ತು. ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಅವಳ ಪಾದಗಳಿಗೆ ಉಪ್ಪಿನ ಶಾಖ ಕೊಟ್ಟರು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆ ತಿಕ್ಕಿದರು, ಹುರುಳಿ ಬೇಯಿಸಿದ ನೀರಲ್ಲಿ ಅದ್ದಿಸಿದರು. ಪಕ್ಕದ ಮನೆಯ ಅಜ್ಜಿ ಬಂದು, "ಯಾವುದೋ ಹೆಣ್ಣು ಗಾಳಿ ಮೆಟ್ಟವಳೆ," ಎಂದು ಬೇವಿನ ಸೊಪ್ಪಿನಿಂದ ಬಡಿದು ಹೋದಳು. ಭಾನುಪ್ರಿಯ ಎಲ್ಲವನ್ನೂ ಸಹಿಸಿದಳು. ಮದುವೆ ನಿಲ್ಲುವುದಾದರೆ ಬೇವಿನ ಸೊಪ್ಪೇನು ದೊಡ್ಡದು?

ಬುಧವಾರ ಅವಳನ್ನು ಚನ್ನಪಟ್ಟಣದ ಒಂದು ಕ್ಲಿನಿಕ್ಕಿಗೆ ಕರೆತಂದರು. ಡಾಕ್ಟರ ಮುಂದೆ ಮಾತಾಡುವ ಹೊಣೆ ಸಹಜವಾಗಿಯೇ ದೊಡ್ಡಹನುಮಯ್ಯನವರ ಮೇಲೆ ಬಿತ್ತು. ಅವರು ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತು, "ಡಾಕ್ಟರ್, ಶಿ ಹ್ಯಾಸ್ ಗಾಟ್ ಕೋಲ್ಡ್ ಫೀಟ್," ಎಂದರು.

ಡಾಕ್ಟರು ಹುಡುಗಿಯ ಮುಖ ನೋಡಿದರು, ಬೆರಳಿನ ನಿಶ್ಚಿತಾರ್ಥದ ಉಂಗುರ ನೋಡಿದರು, ನಕ್ಕುಬಿಟ್ಟರು.

"ಮದುವೆ ಯಾವಾಗ?"

"ಇನ್ನು ಒಂದ್ ತಿಂಗ್ಳದೆ ಸಾರ್," ಎಂದ ಬೈರಪ್ಪ.

"ಇದಕ್ಕೆ ಮಾತ್ರೆ ಇಲ್ಲ ಗೌಡ್ರೇ. ಮದುವೆ ಗೊತ್ತಾದ ಹೆಣ್ಣುಮಕ್ಕಳಿಗೆ ಇದು ಕಾಮನ್. ನನ್ನ ಹೆಂಡತಿಗೂ ಆಗಿತ್ತು. ತಾಳಿ ಬಿದ್ದ ಮೇಲೆ ಹೋಗುತ್ತೆ."

ಆ ಕ್ಲಿನಿಕ್ಕಿನಲ್ಲಿ ಭಾನುಪ್ರಿಯಳನ್ನು ಬಿಟ್ಟರೆ ಆ ಇಂಗ್ಲೀಷ್ ಮಾತಿನ ಅರ್ಥ ತಿಳಿದಿದ್ದವರು ಡಾಕ್ಟರೊಬ್ಬರೇ. ತಿಳಿದೂ ಅವರು ಮುಂದಿನ ಪೇಷೆಂಟನ್ನು ಕರೆದರು.

ಬೈರಪ್ಪ ಮಾತ್ರ ಅದನ್ನು ವೈದ್ಯಕೀಯ ಸಲಹೆಯೆಂದು ಶಿರಸಾವಹಿಸಿದ. ತಾಳಿ ಬಿದ್ದರೆ ವಾಸಿಯಾಗುವ ಕಾಯಿಲೆಯನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳುವುದು ಯಾಕೆ? ಅಲ್ಲಿಂದಲೇ ಕನಕಪುರಕ್ಕೆ ಫೋನು ಮಾಡಿ, ಪುರೋಹಿತರನ್ನು ಕೇಳಿ, ಮದುವೆಯನ್ನು ಹನ್ನೆರಡು ದಿನಕ್ಕೆ ಎಳೆದುಕೊಂಡ.

ವಾಪಸು ಹೋಗುವ ಬಸ್ಸಿನಲ್ಲಿ ಭಾನುಪ್ರಿಯ, ಊರಿನ ತನಕ ಬಿಡಲು ಬಂದ ಮಾವನ ಪಕ್ಕ ಕೂತು ಪಿಸುಗುಟ್ಟಿದಳು. "ಮಾವ, ನೀವು ಹೇಳಿದ್ದು ಸಾಲಲಿಲ್ಲ. ಹುಡುಗನ ಕಡೆಯವರಿಗೇ ಹೇಳಿ. ಒಸಿ ಜೋರಾಗೇ ಹೇಳಿ."

"ಹೇಳ್ತೀನಿ ಕಣವ್ವ. ನಿನ್ ಕಾಲು ಮಂಜುಗಡ್ಡೆ ಆಗವೆ ಅಂತೀನಿ. ಮುಚ್ಚಿಟ್ಟು ಮದ್ವೆ ಮಾಡಿದ್ರೆ ನಾಳೆ ನಮ್ಗೇ ಕೆಟ್ಟೆಸ್ರು."

ಅವಳ ಕಣ್ಣು ತುಂಬಿಬಂತು. "ನೀವೊಬ್ರೇ ಮಾವ ನನ್ ಕಡೆ ಇರೋದು," ಎಂದಳು. ದೊಡ್ಡಹನುಮಯ್ಯ ಅವಳ ತಲೆ ಸವರಿದರು. ಬಸ್ಸಿನ ಕಿಟಕಿಯಿಂದ ಗಾಳಿ ಬರುತ್ತಿತ್ತು. ಕಾಲಿಗೆ ಗಾಳಿ ತಾಗಬಾರದೆಂದು ತಮ್ಮ ಟವಲು ತೆಗೆದು ಅವಳ ಪಾದಗಳಿಗೆ ಸುತ್ತಿದರು.

ಅವರು ಮಾತಿಗೆ ತಪ್ಪಲಿಲ್ಲ. ಅಶ್ವಥನ ತಾಯಿ ಹನುಮಂತಮ್ಮನಿಗೆ ಫೋನು ಮಾಡಿ, ಇಂಗ್ಲೀಷ್ ಬೆರೆಸಿ ಕಾಯಿಲೆಯ ವರ್ಣನೆ ಮಾಡಿದರು. ಶನಿವಾರ ಹನುಮಂತಮ್ಮ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಕಾರಿನಲ್ಲಿ ಬಂದಿಳಿದರು. ಅವರು ಬರುತ್ತಾರೆಂದು ತಿಳಿದ ಭಾನುಪ್ರಿಯ ಬಚ್ಚಲಿನ ಬಾಗಿಲು ಹಾಕಿಕೊಂಡು, ಅಂಗಡಿಯಿಂದ ತರಿಸಿದ ಐಸನ್ನು ಬಕೆಟ್ಟಿಗೆ ಸುರಿದು, ಅರ್ಧ ಗಂಟೆ ಅದರೊಳಗೆ ಕಾಲಿಟ್ಟುಕೊಂಡು ನಿಂತಳು. ಹಲ್ಲು ಕಡಿದುಕೊಂಡು ನಿಂತಳು. ಹೊರಗೆ ಬರುವಾಗ ಅವಳಿಗೆ ನೆಲ ತಾಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಹನುಮಂತಮ್ಮ ಚಾಪೆಯ ಮೇಲೆ ಕೂತು, ಸೀರೆ ಸರಿಪಡಿಸಿಕೊಂಡು, ಭಾವೀ ಸೊಸೆಯ ಪಾದ ಹಿಡಿದರು. ಹಿಡಿದವರೇ, "ಅಯ್ಯಯ್ಯಪ್ಪ!" ಎಂದು ಕೈ ಕೊಡವಿದರು. ಜೊತೆಯ ನಾಲ್ವರೂ ಒಬ್ಬರ ಹಿಂದೆ ಒಬ್ಬರು ಮುಟ್ಟಿ, ಒಬ್ಬರ ಹಿಂದೆ ಒಬ್ಬರು "ಅಯ್ಯಯ್ಯಪ್ಪ!" ಎಂದರು. ಬೈರಪ್ಪ ಗೋಡೆಗೆ ಒರಗಿದ. ಭಾನುಪ್ರಿಯ ತಲೆ ತಗ್ಗಿಸಿ ಕಾದಳು. ಎಷ್ಟೋ ದಿನದ ಮೇಲೆ ಅವಳ ಎದೆಯಲ್ಲಿ ಒಂದು ಆಸೆ ಚಿಗುರಿತ್ತು.

"ನಮ್ಮತ್ತೆಗೂ ಹಿಂಗೇ ಇತ್ತು," ಎಂದರು ಹನುಮಂತಮ್ಮ. "ಹೆಣ ಮುಟ್ದಂಗಾಗದು. ಒಂಬತ್ ಮಕ್ಕಳ ಹೆತ್ಲು. ಅದೇನೂ ಆಗಾಕಿಲ್ಲ ಬುಡಿ ಬೈರಪ್ಪನೋರೆ, ನಾವೇನು ಒಲ್ಲೆ ಅಂತೀವಾ?"

ಬೈರಪ್ಪ ಕೈಮುಗಿದ. "ದೇವ್ರಂಥೋರು ನೀವು."

"ಒಂದು ಮಾತು. ಈ ಮಗ ದಿನಾ ಸ್ಕೂಲಲ್ಲಿ ನಿಂತು ನಿಂತೇ ಹಿಂಗಾಗಿರದು. ಮದ್ವೆ ಆದ್ಮೇಲೆ ಬುಡ್ಸಣ ಅಂತಿದ್ವಿ. ಈಗ್ಲೇ ಬುಡ್ಸಿಬುಡಿ."

ಬೈರಪ್ಪ ಅವರ ಎದುರಿಗೇ ಸ್ಕೂಲಿಗೆ ಫೋನು ಮಾಡಿ, ಸೋಮವಾರದಿಂದ ಮಗಳು ಬರುವುದಿಲ್ಲ ಎಂದು ತಿಳಿಸಿದ. ಭಾನುಪ್ರಿಯ ಎದ್ದು ಒಳಗೆ ಹೋದಳು. ಅವಳ ನಡಿಗೆ ತಡವರಿಸುತ್ತಿತ್ತು. ನೋಡಿದವರೆಲ್ಲ, ಪಾಪ, ಕಾಲಲ್ಲಿ ಶಕ್ತಿಯೇ ಇಲ್ಲ ಎಂದು ಮರುಗಿದರು.

ಮದುವೆಗೆ ನಾಲ್ಕು ದಿನ ಇರುವಾಗ, ಬಂದವರಿಗೆ ಕೊಡಲು ಅರಗಿನ ಬಣ್ಣದ ಕುಂಕುಮದ ಭರಣಿ ಇನ್ನೂರು ಬೇಕೆಂದು ದೊಡ್ಡಹನುಮಯ್ಯ ಮುಜೀಬನ ಕಾರ್ಖಾನೆಗೆ ಹೋದರು. ಮುಜೀಬನ ಮಗಳು ಮಹ್ವಿಶ್ ಅಲ್ಲೇ ಕೂತು ಭರಣಿಗಳಿಗೆ ಮುಚ್ಚಳ ಜೋಡಿಸುತ್ತಿದ್ದಳು. ಹಾಸ್ಟೆಲಿನಲ್ಲಿದ್ದು ಓದಿ ಹೋದ ವರ್ಷವಷ್ಟೇ ಊರಿಗೆ ಮರಳಿದ್ದ ಅವಳೂ ಈಗ ಭಾನುಪ್ರಿಯಳ ಸ್ಕೂಲಿನಲ್ಲೇ ಟೀಚರು.

"ಅಂಕಲ್, ಭಾನು ಯಾಕೆ ಸ್ಕೂಲ್ ಬಿಟ್ಳು? ಫೋನೂ ತೆಗೀತಿಲ್ಲ."

ದೊಡ್ಡಹನುಮಯ್ಯ ನಿಟ್ಟುಸಿರು ಬಿಟ್ಟರು. "ಹುಷಾರಿಲ್ಲ ಕಣಮ್ಮ. ಕೋಲ್ಡ್ ಫೀಟ್."

ಮಹ್ವಿಶ್ ಮುಚ್ಚಳ ಕೆಳಗಿಟ್ಟಳು. "ಸದ್ಯ, ಹೇಳಿದ್ಳಾ! ಮತ್ತೆ ಮದುವೆ ನಿಂತಿತಾ?"

"ಯಾಕ್ ನಿಲ್ತದೆ? ಕಾಲಿಗೆ ಎಣ್ಣೆ ತಿಕ್ಕತಾವ್ರೆ."

ಮಹ್ವಿಶ್ ಅವರನ್ನೇ ನೋಡಿದಳು. ಲೇತಿನ ಸದ್ದು ಜೋರಾಗಿತ್ತು. ಅವಳು ಎದ್ದುಹೋಗಿ ಅದನ್ನು ನಿಲ್ಲಿಸಿ ಬಂದಳು.

"ಅಂಕಲ್, ಅದು ಕಾಲಿನ ವಿಷಯ ಅಲ್ಲ. ಅದು ಹೇಳೋ ರೀತಿ ಅಷ್ಟೆ. ಒಂದು ಕೆಲಸಕ್ಕೆ ಒಪ್ಪಿಕೊಂಡು, ಆಮೇಲೆ ಭಯ ಆಗಿ ಬೇಡ ಅನ್ಸುತ್ತಲ್ಲ, ಅದಕ್ಕೆ ಇಂಗ್ಲೀಷಲ್ಲಿ ಹಾಗಂತಾರೆ. ಅವಳಿಗೆ ಈ ಮದುವೆ ಬೇಡ."

ದೊಡ್ಡಹನುಮಯ್ಯ ನಕ್ಕರು. "ಫೀಟ್ ಅಂದ್ರೆ ಕಾಲು ಕಣಮ್ಮ. ಡಿಕ್ಷನರೀಲಿ ಐತೆ."

"ಐತೆ ಅಂಕಲ್. ಆದ್ರೆ ಅವಳು ಹೇಳಿದ್ದು ಅದಲ್ಲ."

ಅವಳು ಎಲ್ಲವನ್ನೂ ಹೇಳಿದಳು. ನಿಶ್ಚಿತಾರ್ಥದ ವಾರದಲ್ಲಿ ಅಶ್ವಥ್ ಸ್ಕೂಲಿನ ಗೇಟಿಗೆ ಬಂದಿದ್ದನಂತೆ. ಭಾನುಪ್ರಿಯಳ ಕೈಯಿಂದ ಫೋನು ಇಸಿದುಕೊಂಡು, ಅವಳು ನಿಂತು ನೋಡುತ್ತಿರುವಂತೆಯೇ, ಗಂಡಸರ ಹೆಸರಿನ ನಂಬರುಗಳನ್ನು ಒಂದೊಂದಾಗಿ ಅಳಿಸಿದನಂತೆ. ಹೆಡ್‌ಮಾಸ್ಟರ ನಂಬರು, ವ್ಯಾನ್ ಡ್ರೈವರನ ನಂಬರು, ಕೊನೆಗೆ ಕ್ಲಾಸಿನ ಒಬ್ಬ ಹುಡುಗನ ತಂದೆಯ ನಂಬರು. ನಗುನಗುತ್ತಲೇ ಅಳಿಸಿದನಂತೆ. ಅವಳು ತಡೆಯಲು ಹೋದಾಗ ಮಣಿಕಟ್ಟು ಹಿಡಿದನಂತೆ. ಬಳೆ ಒಡೆದು ಕೈಗೆ ಚುಚ್ಚಿತ್ತಂತೆ.

"ಅಪ್ಪಂಗೆ ಹೇಳೋಕೆ ಭಯ, ನಮ್ಮ ಮಾವಂಗೆ ಇಂಗ್ಲೀಷ್ ಬರುತ್ತೆ, ಅವರಿಗೆ ಬರೀತೀನಿ ಅಂದ್ಲು," ಎಂದಳು ಮಹ್ವಿಶ್.

ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮುಜೀಬ್ ಮೆಲ್ಲನೆ ಮುಂದೆ ಬಂದ. "ಬೇಟಾ, ಹಂಗಾದ್ರೆ ಬ್ರೇಕ್ ಎ ಲೆಗ್ ಅಂದ್ರೆ?"

"ಒಳ್ಳೇದಾಗ್ಲಿ ಅಂತ ಅಬ್ಬಾ. ಯಾಕೆ?"

ಮುಜೀಬ್ ದೊಡ್ಡಹನುಮಯ್ಯನವರ ಕಡೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಮರದ ಹೊಟ್ಟು ತುಂಬಿದ ಬೆಂಚನ್ನು ಕೈಯಿಂದಲೇ ಒರೆಸಿ, "ಕೂತ್ಕೊಳ್ಳಿ ಹನುಮಯ್ಯಣ್ಣ, ನಿಮ್ ಮುಖ ಸರೀಗಿಲ್ಲ," ಎಂದ. ಆ ಮಾತು ಕೇಳಿ ದೊಡ್ಡಹನುಮಯ್ಯನವರಿಗೆ ಕೂರಲೂ ಆಗಲಿಲ್ಲ. ಭರಣಿಯ ಆರ್ಡರನ್ನು ಹೇಳದೆಯೇ ಹೊರಟುಬಿಟ್ಟರು.

ಎರಡು ದಿನ ಅವರು ಮನೆಯಿಂದ ಹೊರಬರಲಿಲ್ಲ. ಆ ಎರಡು ದಿನದಲ್ಲಿ ಏನೇನು ಯೋಚಿಸಿದರೋ ನಮಗೆ ಗೊತ್ತಿಲ್ಲ. ಜಗಲಿಗೆ ವಿಮೆಯ ಕಾಗದ ತಂದಿದ್ದ ಒಬ್ಬರನ್ನು ಕಣ್ಣುನೋವು ಎಂದು ಹೇಳಿ ವಾಪಸು ಕಳಿಸಿದ್ದು ಮಾತ್ರ ಗೊತ್ತು. ಮೂರನೆಯ ದಿನ ಬೆಳಿಗ್ಗೆ ಸೀಬೇದೊಡ್ಡಿಗೆ ಹೋದರು.

ಬೈರಪ್ಪನ ಮನೆಯ ಮುಂದೆ ಚಪ್ಪರದ ಕೆಲಸ ನಡೆದಿತ್ತು. ಹತ್ತಾರು ಜನ ತೆಂಗಿನ ಗರಿ ಹೆಣೆಯುತ್ತಿದ್ದರು. ದೊಡ್ಡಹನುಮಯ್ಯನವರು, ಯಾವ ಗಂಡಸಾದರೂ ಮಾಡುವಂತೆಯೇ, ಮೊದಲು ಮಾನ ಉಳಿಸಿಕೊಂಡು ಕೆಲಸ ಸಾಧಿಸಲು ನೋಡಿದರು.

"ಬೈರಪ್ಪ, ಇಂಗ್ಲೀಷಲ್ಲಿ ಈಚೆಗೆ ಒಸಿ ಬದಲಾವಣೆ ಆಗದೆ."

"ಆಗ್ಲಿ ಬುಡು ಭಾವ. ಆ ಗಳ ಹಿಡ್ಕೊ."

ದೊಡ್ಡಹನುಮಯ್ಯ ಗಳ ಹಿಡಿದುಕೊಂಡರು. "ನಮ್ ಕಾಲದಲ್ಲಿ ಫೀಟ್ ಅಂದ್ರೆ ಕಾಲೇ. ಈಗ ಬೇರೆ ಮಾಡವ್ರಂತೆ. ಮಗಿನ ಕಾಲು ಚೆನ್ನಾಗದೆ."

"ವಾಸಿ ಆಯ್ತಾ!" ಬೈರಪ್ಪ ಏಣಿಯ ಮೇಲಿಂದಲೇ ಕೂಗಿದ. "ಕೇಳ್ರಪ್ಪೋ, ಮಗಿನ ಕಾಲು ವಾಸಿ ಆಯ್ತಂತೆ!" ಚಪ್ಪರದವರೆಲ್ಲ ಸಂತೋಷಪಟ್ಟರು. ಒಬ್ಬ ಸಿಳ್ಳೆ ಹಾಕಿದ. ಡೈರಿಯ ಸೆಕ್ರೆಟರಿ, "ಎಡಗಾಲೂವಾ?" ಎಂದು ವಿಚಾರಿಸಿದ.

ದೊಡ್ಡಹನುಮಯ್ಯ ಗಳ ಬಿಟ್ಟುಬಿಟ್ಟರು. ಅರ್ಧ ಕಟ್ಟಿದ್ದ ಚಪ್ಪರದ ಒಂದು ಮಗ್ಗುಲು ಧಸಕ್ಕನೆ ಕುಸಿಯಿತು.

"ನಂಗೆ ಇಂಗ್ಲೀಷ್ ಬರಾಕಿಲ್ಲ ಕಣ್ ಬೈರಪ್ಪ!" ಎಂದು ಅವರು ಕಿರುಚಿದರು. ಎಲ್ಲರೂ ತಿರುಗಿ ನೋಡಿದರು. "ನಂಗೆ ಇಂಗ್ಲೀಷ್ ಬರಾಕಿಲ್ಲ. ಯಾವತ್ತೂ ಬತ್ತಿರ್ಲಿಲ್ಲ. ಅಕ್ಷರ ಓದ್ತೀನಿ, ಅಷ್ಟೇಯ. ಮಗ ಬರೆದಿದ್ದು ಕಾಲಿನ ಸುದ್ದಿ ಅಲ್ಲ. ಈ ಮದ್ವೆ ನಂಗ್ ಬ್ಯಾಡ, ಭಯ ಆಯ್ತದೆ ಅಂತ ಬರೆದಿದ್ಲು. ನಾನು ಎಣ್ಣೆ ತಿಕ್ಕಿಸ್ದೆ."

ಬೈರಪ್ಪ ಏಣಿಯಿಂದ ಇಳಿದ. ಮಗಳನ್ನು ಕರೆದ. ಅವಳು ಹೊಸ್ತಿಲಲ್ಲಿ ಬಂದು ನಿಂತಳು. ಹಿಂದೆ ಶಿವಲಿಂಗಮ್ಮ ನಿಂತಳು.

"ನಿಮ್ಮಾವ ಹೇಳ್ತಿರೋದು ದಿಟವಾ?"

ಭಾನುಪ್ರಿಯ ಮಾವನ ಕಡೆ ನೋಡಿದಳು. ಅವರು ಉಪಾಯ ಮಾಡಿರಲಿಲ್ಲ, ಅವರಿಗೆ ಏನೂ ತಿಳಿದೇ ಇರಲಿಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಆಗಲೇ. ಐಸಿನ ಬಕೆಟ್ಟಿನಲ್ಲಿ ತಾನು ಒಬ್ಬಳೇ ನಿಂತಿದ್ದೆನಲ್ಲ ಎಂದು ಅವಳ ಮುಖ ಸಣ್ಣದಾಯಿತು.

"ದಿಟ ಅಪ್ಪ."

"ಕನ್ನಡದಲ್ಲಿ ಹೇಳಕ್ಕೆ ಏನಾಗಿತ್ತು ನಿಂಗೆ?"

"ಕನ್ನಡದಲ್ಲಿ ಹೇಳಿದ್ರೆ ನಿಂಗೆ ಅರ್ಥ ಆಗ್ಬುಡ್ತಿತ್ತು," ಎಂದಳು.

ಅವಳು ಬಲಗೈಯ ಬಳೆಗಳನ್ನು ಮೇಲೆ ಸರಿಸಿ ಮಣಿಕಟ್ಟು ತೋರಿಸಿದಳು. ಬಳೆ ಚುಚ್ಚಿದ ಗಾಯ ಒಣಗಿ ಕರಿಯ ಗೆರೆಯಾಗಿತ್ತು. ಹದಿನೈದು ದಿನ ಊರೆಲ್ಲ ಬಂದು ಅವಳ ಕಾಲು ನೋಡಿತ್ತು. ಕೈಯನ್ನು ಯಾರೂ ನೋಡಿರಲಿಲ್ಲ.

ಆಮೇಲಿನದು ಸಂತೋಷದ ಕಥೆಯಲ್ಲ. ಕನಕಪುರದಿಂದ ಎರಡು ಕಾರು ತುಂಬ ಜನ ಬಂದರು. ಹನುಮಂತಮ್ಮ ಚಪ್ಪರದ ನಡುವೆ ನಿಂತು, ಹೆಣದಂಥ ಕಾಲಿನವಳನ್ನೂ ಒಪ್ಪಿಕೊಂಡಿದ್ದ ತಮ್ಮ ದೊಡ್ಡ ಮನಸ್ಸನ್ನು ಕುರಿತು ಒಂದು ಗಂಟೆ ಮಾತಾಡಿದರು. ಅಶ್ವಥ್ ಕಾರಿನಿಂದ ಇಳಿಯಲೇ ಇಲ್ಲ, ಹಾರನ್ನು ಬಾರಿಸುತ್ತ ಕೂತಿದ್ದ. ನಿಶ್ಚಿತಾರ್ಥದ ಸೀರೆ, ಉಂಗುರ ವಾಪಸಾದವು. ಯಾರ ತಪ್ಪು ಎಂಬ ಪ್ರಶ್ನೆ ಬಂದಾಗ ಎರಡೂ ಕಡೆಯವರು ಮೊದಲ ಬಾರಿಗೆ ಒಮ್ಮತಕ್ಕೆ ಬಂದರು: ತಪ್ಪೆಲ್ಲ ದೊಡ್ಡಹನುಮಯ್ಯನದು. ಕಾರುಗಳು ಹೋದ ಮೇಲೆ ಬೈರಪ್ಪ ಭಾವನ ಮುಖ ನೋಡದೆ, "ನಮ್ಮನೆ ಬಾಗ್ಲಿಗೆ ಇನ್ ಬರಬ್ಯಾಡ," ಎಂದ.

ಭಾನುಪ್ರಿಯ ಸ್ಕೂಲಿಗೆ ವಾಪಸು ಹೋದಳು. ಮೂರನೇ ಕ್ಲಾಸಿಗೆ ಅಷ್ಟರಲ್ಲಿ ಬೇರೆ ಟೀಚರು ಬಂದಿದ್ದರು; ಇವಳಿಗೆ ಎಲ್‌ಕೆಜಿ ಕೊಟ್ಟರು. ಮಾವನ ಮೆಸೇಜುಗಳಿಗೆ ಅವಳು ಉತ್ತರ ಬರೆಯಲಿಲ್ಲ. ಚನ್ನಪಟ್ಟಣದ ಜಗಲಿಗೆ ಕಾಗದ ಹಿಡಿದು ಬರುವವರು ನಿಂತರು. ಮುಜೀಬ್ ಮಾತ್ರ ರಂಜಾನಿಗೆ ಎಂದಿನಂತೆ ಶ್ಯಾವಿಗೆ ಕಳಿಸಿದ. ದೊಡ್ಡಹನುಮಯ್ಯನವರು ಅದನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಟ್ಟರು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಶಿವಲಿಂಗಮ್ಮ ಬಂದಳು. ಪೇಟೆಗೆ ಬಂದಿದ್ದವಳು ಗಂಡನಿಗೆ ಹೇಳದೆ ಅಣ್ಣನ ಮನೆಯ ಕಡೆ ಕಾಲು ಹಾಕಿದ್ದಳು. ಕೈಯಲ್ಲಿ ಸಾಮಾನಿನ ಚೀಲ ಇತ್ತು. ನೀರು ಕೇಳಿ ಕುಡಿದು ಜಗಲಿಯ ಮೇಲೆ ಕೂತಳು.

"ನಂಗೆ ಗೊತ್ತಾಗ್ಲಿಲ್ಲ ಕಣವ್ವ," ಎಂದರು ದೊಡ್ಡಹನುಮಯ್ಯ. "ಇಂಗ್ಲೀಷಲ್ಲಿ ಬರೆದಿದ್ಲು, ನಂಗೆ ಅರ್ಥ ಆಗ್ಲಿಲ್ಲ. ಕನ್ನಡದಲ್ಲಿ ಒಂದ್ ಮಾತು ಹೇಳಿದ್ರೆ ನಾನು ಸುಮ್ನಿರ್ತಿದ್ನಾ? ಅಡ್ಡ ಮಲಗಿ ನಿಲ್ಲುಸ್ತಿದ್ದೆ."

ಶಿವಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನು ಕನ್ನಡದಲ್ಲೇ ಹೇಳಿದ್ನಲ್ಲ ಅಣ್ಣಯ್ಯ."

"ಏನ?"

"ನನ್ ಮದ್ವೆಗೆ ಎಂಟು ದಿನ ಇತ್ತು. ನೀನು ಕಣದಲ್ಲಿ ರಾಗಿ ತೂರ್ತಿದ್ದೆ. ನಾನು ಅಂಬ್ಲಿ ತಂದಿದ್ದೆ. ಅಣ್ಣಯ್ಯ, ಅವರ್ ಕಂಡ್ರೆ ನಂಗೆ ಭಯ, ನಾನು ಒಲ್ಲೆ, ಅಪ್ಪಯ್ಯಂಗೆ ಹೇಳು ಅಂದೆ."

ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ನಾನೇನ್ ಅಂದೆ?"

"ನೀನು ಏನೂ ಅನ್ನಲಿಲ್ಲ. ಅಂಬ್ಲಿ ಕುಡ್ದೆ. ಮಾರ್ನೇ ದಿನ ಪೇಟೆಯಿಂದ ಒಂದ್ ಡಜನ್ ಹಸಿರು ಬಳೆ ತಂದ್ಕೊಟ್ಟೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಬೇಕೆಂದುಕೊಂಡು ಬಂದದ್ದು ಮುಗಿದವಳಂತೆ ಎದ್ದು, ಚಪ್ಪಲಿ ಮೆಟ್ಟಿಕೊಂಡಳು. ಚೀಲ ದೊಡ್ಡಹನುಮಯ್ಯನವರ ಕಾಲ ಬಳಿ ಇತ್ತು. ಅವರು ಅದರ ಹಿಡಿಕೆ ಹಿಡಿದುಕೊಂಡು ಹಾಗೆಯೇ ಕೂತಿದ್ದರು. ಬಿಡಲಿಲ್ಲ.

"ಕೊಡು ಅಣ್ಣಯ್ಯ," ಎಂದಳು ಶಿವಲಿಂಗಮ್ಮ. "ಬಸ್ಸು ಹೊಂಟೋಯ್ತದೆ."